ಉಸಿರು ಮರಳಲು ಏಳು ಗಂಟೆ: ಸ್ಕೋಲಿನ್ ಮತ್ತು ಒಂದು ಕುಟುಂಬದ ಪ್ರಕರಣ

ನಾನು ಬಯಲುಸೀಮೆಯ ಒಂದು ಊರಿನ ಆಸ್ಪತ್ರೆಯಲ್ಲಿ ಅನಸ್ತೇಶಿಯಾ ವೈದ್ಯೆ. ಈ ಬರಹದಲ್ಲಿರುವ ತಾಯಿ ಮತ್ತು ಅವರ ಮನೆಯವರು ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು, ಊರು, ವರ್ಷ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಸಮುದಾಯದ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅದನ್ನು ಮುಚ್ಚಿಟ್ಟರೆ ಆ ರಾತ್ರಿ ನಡೆದದ್ದು ಯಾರಿಗೂ ಅರ್ಥವಾಗುವುದಿಲ್ಲ. ಅವರು ಆರ್ಯವೈಶ್ಯರು. ಹಾಗೆ ಬರೆಯಬಹುದಾ ಅಂತ ಮನೆಯ ಹಿರಿಯರನ್ನೇ ಕೇಳಿದೆ. "ಬರೀರಿ, ನಮ್ಮವರಿಗೇ ಗೊತ್ತಾಗಲಿ" ಅಂದರು.

ತಾಯಿಗೆ 27 ವರ್ಷ. ಮೊದಲ ಬಸಿರು. ಒಂಬತ್ತು ತಿಂಗಳೂ ಯಾವ ತೊಂದರೆಯೂ ಇರಲಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಹಿಂದೆ ಯಾವ ಆಪರೇಷನ್ನೂ ಆಗಿಲ್ಲ. ರಾತ್ರಿ ಎಂಟೂವರೆ ಸುಮಾರಿಗೆ ನೀರು ಒಡೆಯಿತು, ಜೊತೆಗೇ ಹೊಕ್ಕುಳಬಳ್ಳಿ ಹೊರಗೆ ಜಾರಿತು. ಬಳ್ಳಿ ಜಾರಿದರೆ ಮಗುವಿನ ತಲೆ ಅದನ್ನು ಒತ್ತಿ ರಕ್ತ ನಿಲ್ಲಿಸಿಬಿಡುತ್ತದೆ. ಕೈಯಲ್ಲಿರುವುದು ಕೆಲವೇ ನಿಮಿಷ. ಸಾಮಾನ್ಯವಾಗಿ ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಹಾಕುತ್ತೇವೆ. ಅವತ್ತು ಅದಕ್ಕೆ ಸಮಯ ಇರಲಿಲ್ಲ. ಪೂರ್ತಿ ಅನಸ್ತೇಶಿಯಾ ಕೊಡಬೇಕಾಯಿತು.

ಒಟಿ ಬಾಗಿಲಲ್ಲೇ ನಾಲ್ಕು ಪ್ರಶ್ನೆ ಕೇಳಿದೆ. ಏನಾದರೂ ತಿಂದಿದ್ದೀರಾ? ಅಲರ್ಜಿ ಇದೆಯಾ? ಹಲ್ಲು ಅಲುಗಾಡುತ್ತಾ? ಮನೆಯಲ್ಲಿ ಯಾರಿಗಾದರೂ ಅನಸ್ತೇಶಿಯಾದಿಂದ ತೊಂದರೆ ಆಗಿತ್ತಾ? ಕೊನೆಯದಕ್ಕೆ ಆಕೆ ತಲೆ ಅಲ್ಲಾಡಿಸಿದರು. ಇಲ್ಲ.

ಮೊದಲು ನಿದ್ದೆ ಬರಿಸುವ ಪ್ರೊಪೊಫಾಲ್, ಆಮೇಲೆ 75 ಮಿಲಿಗ್ರಾಂ ಸ್ಕೋಲಿನ್. ಸ್ಕೋಲಿನ್ ಅಂದರೆ ಸಕ್ಸಿನೈಲ್‌ಕೋಲಿನ್. ಒಂದೇ ನಿಮಿಷದಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಗಂಟಲಲ್ಲಿ ಟ್ಯೂಬ್ ಇಳಿಸಬಹುದು. ಹೆಚ್ಚೆಂದರೆ ಹತ್ತು ನಿಮಿಷದಲ್ಲಿ ಅದರ ಕೆಲಸ ಮುಗಿದು ರೋಗಿ ತಾನೇ ಉಸಿರಾಡಲು ಶುರು ಮಾಡುತ್ತಾರೆ. ತುರ್ತಿಗೆ ನಾವು ಅದನ್ನು ನಂಬುವುದೇ ಈ ಎರಡು ಗುಣಕ್ಕೆ: ಬೇಗ ಬರುತ್ತದೆ, ಬೇಗ ಹೋಗುತ್ತದೆ.

ನಾಲ್ಕು ನಿಮಿಷದಲ್ಲಿ ಮಗು ಹೊರಬಂತು. ಗಂಡು. ಅತ್ತಿತು. ಎಲ್ಲರ ಮುಖದಲ್ಲೂ ಗೆಲುವು.

ಸ್ಕೋಲಿನ್ ಇಳಿದು ರೋಗಿ ಸ್ವಲ್ಪ ಮಿಸುಕಿದಾಗ ಅಟ್ರಾಕ್ಯೂರಿಯಂನಂಥ ಇನ್ನೊಂದು ಸ್ನಾಯು ಸಡಿಲಿಸುವ ಔಷಧಿ ಕೊಡುವುದು ವಾಡಿಕೆ. ಅದು ಹೆಚ್ಚು ಹೊತ್ತು ಇರುತ್ತದೆ. ಅದರಿಂದ ಹೊರಗೆ ತರಲು ಕೊನೆಯಲ್ಲಿ 'ರಿವರ್ಸಲ್' ಅಂತ ನಿಯೋಸ್ಟಿಗ್ಮಿನ್ ಕೊಡುತ್ತೇವೆ. ಎಷ್ಟೋ ಸಲ ನಾವು ಮಿಸುಕಾಟಕ್ಕೆ ಕಾಯದೆ ಅಭ್ಯಾಸಬಲದಿಂದ ಅಟ್ರಾಕ್ಯೂರಿಯಂ ಕೊಟ್ಟುಬಿಡುತ್ತೇವೆ. ಅವತ್ತು ನಾನು ಕಾದೆ. ಆಕೆ ಮಿಸುಕಲೇ ಇಲ್ಲ. ಸರ್ಜನ್‌ಗೆ ಹೊಟ್ಟೆ ಸಡಿಲವಾಗಿಯೇ ಇತ್ತು, ಹಾಗಾಗಿ ಕೊಡುವ ಅಗತ್ಯವೂ ಬೀಳಲಿಲ್ಲ. ಆ ಕ್ಷಣಕ್ಕೆ ನನಗೆ ಅದು ಅನುಕೂಲ ಅನ್ನಿಸಿತೇ ಹೊರತು ಎಚ್ಚರಿಕೆ ಅನ್ನಿಸಲಿಲ್ಲ. ಆದರೆ ಎರಡನೇ ಔಷಧಿ ಮೈಯಲ್ಲಿ ಇಲ್ಲದ್ದರಿಂದಲೇ ಮುಂದೆ ಕಾರಣ ಹುಡುಕುವುದು ಸುಲಭವಾಯಿತು.

ಒಂಬತ್ತೂವರೆಗೆ ಹೊಲಿಗೆ ಮುಗಿಯಿತು. ನಿದ್ದೆಯಲ್ಲಿಡುವ ಗ್ಯಾಸ್ ನಿಲ್ಲಿಸಿದೆ. ಆಕೆ ಉಸಿರು ಎಳೆಯಲಿಲ್ಲ. ಐದು ನಿಮಿಷ ಕೈಯಲ್ಲಿ ಬ್ಯಾಗ್ ಒತ್ತುತ್ತಾ ಕಾದೆ. ಇಲ್ಲ. ಹೆಸರು ಹಿಡಿದು ಕರೆದೆ. ಕಣ್ಣು ತೆರೆಯಲಿಲ್ಲ. ಹುಬ್ಬು ಕೂಡ ಅಲುಗಲಿಲ್ಲ. ನಾಡಿ 130, ಬಿಪಿ ಏರುತ್ತಿತ್ತು.

ಈ ಹೊತ್ತಿನಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಏಳುತ್ತಿಲ್ಲ ಅಂದರೆ ಇನ್ನೂ ಮಂಪರಿನಲ್ಲಿದ್ದಾರೆ ಅಂತಲೇ ಎಣಿಸಿದೆ. ಸುತ್ತ ನಿಂತವರೂ ಹಾಗೇ ಅಂದುಕೊಂಡು ಜೋರಾಗಿ ಮಾತಾಡುತ್ತಿದ್ದರು. "ಉಸಿರು ಬರ್ತಿಲ್ಲ ಮೇಡಂ", "ಏನಾಯ್ತು", "ಮನೆಯವರಿಗೆ ಹೇಳೋದಾ". ಶುಗರ್ ನೋಡಿದೆ, ಸರಿ ಇತ್ತು. ಪಾಪೆ ನೋಡಿದೆ, ಸರಿ ಇತ್ತು. ಉಸಿರನ್ನು ಕುಗ್ಗಿಸಬಲ್ಲ ನೋವಿನ ಔಷಧಿ ಫೆಂಟನಿಲ್ ಕೊಟ್ಟಿದ್ದು ತೀರಾ ಕಡಿಮೆ. ಸ್ನಾಯುವನ್ನು ಕುಗ್ಗಿಸಬಲ್ಲ ಮೆಗ್ನೀಸಿಯಂ ಕೊಟ್ಟೇ ಇರಲಿಲ್ಲ. ರಿವರ್ಸಲ್ ಕೊಟ್ಟು ನೋಡೋಣವಾ ಅಂತ ಸಿರಿಂಜ್ ಕೈಗೆ ತೆಗೆದುಕೊಂಡಿದ್ದೆ. ಆಗ ತಲೆಯ ಹತ್ತಿರ ನಿಂತಿದ್ದ ಸಿಸ್ಟರ್ ಮೆಲ್ಲಗೆ ಹೇಳಿದರು: "ಮೇಡಂ, ಕಣ್ಣಲ್ಲಿ ನೀರು."

ಎರಡೂ ಕಣ್ಣಿನ ಅಂಚಿನಿಂದ ನೀರು ಇಳಿಯುತ್ತಿತ್ತು.

ಆಕೆಗೆ ಎಚ್ಚರವಾಗಿತ್ತು. ಎಲ್ಲ ಕೇಳಿಸುತ್ತಿತ್ತು. ಕಣ್ಣು ತೆರೆಯಲು, ಬೆರಳು ಎತ್ತಲು, ಉಸಿರೆಳೆಯಲು ಒಂದು ಸ್ನಾಯುವೂ ಮಾತು ಕೇಳುತ್ತಿರಲಿಲ್ಲ. ಗ್ಯಾಸ್ ನಿಲ್ಲಿಸಿ ಹನ್ನೆರಡು ನಿಮಿಷ ಆಗಿತ್ತು. ತಕ್ಷಣ ಪ್ರೊಪೊಫಾಲ್ ಕೊಟ್ಟೆ, ಗ್ಯಾಸ್ ಮತ್ತೆ ಶುರು ಮಾಡಿದೆ. ಕೊಡುವ ಮೊದಲು ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ನಿಮಗೆ ಏನೂ ಆಗಿಲ್ಲ. ಮಗು ಚೆನ್ನಾಗಿದೆ. ಔಷಧಿ ಇಳಿಯೋದು ತಡ ಆಗ್ತಿದೆ. ನಾವು ಉಸಿರು ಕೊಡ್ತಾ ಇದ್ದೀವಿ. ಈಗ ನಿದ್ದೆ ಬರುತ್ತೆ." ಆ ಮಾತು ತನಗೆ ಕೇಳಿಸಿತ್ತು ಅಂತ ಆಕೆ ಆಮೇಲೆ ಹೇಳಿದರು. ಅದಕ್ಕಿಂತ ಮೊದಲಿನದೂ ಕೇಳಿಸಿತ್ತು.

ರಿವರ್ಸಲ್ ಸಿರಿಂಜನ್ನು ಕೆಳಗಿಟ್ಟೆ. ಆ ಕಣ್ಣೀರೇ ನನ್ನ ಯೋಚನೆಯನ್ನು ತಿರುಗಿಸಿತು. ಮೆದುಳು ಎದ್ದಿದೆ, ಸ್ನಾಯು ಎದ್ದಿಲ್ಲ. ಮೈಗೆ ಹೋದ ಸ್ನಾಯು ಸಡಿಲಿಸುವ ಔಷಧಿ ಸ್ಕೋಲಿನ್ ಒಂದೇ. ಅಂದರೆ ಸ್ಕೋಲಿನ್ ಇನ್ನೂ ಇಳಿದಿಲ್ಲ.

ಸ್ಕೋಲಿನ್ ಇಳಿಯುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಲಿವರ್ ಒಂದು ಎಂಜೈಮ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದರ ಹೆಸರು ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್. ಸೂಡೋಕೋಲಿನ್‌ಎಸ್ಟರೇಸ್ ಅಂತಲೂ ಕರೆಯುತ್ತಾರೆ. ಸಕ್ಸಿನೈಲ್‌ಕೋಲಿನ್ ರಕ್ತಕ್ಕೆ ಬಿದ್ದ ಕೂಡಲೇ ಈ ಎಂಜೈಮ್ ಅದನ್ನು ತುಂಡು ಮಾಡಲು ಶುರು ಮಾಡುತ್ತದೆ. ಕೊಟ್ಟಿದ್ದರಲ್ಲಿ ಬಹುಪಾಲು ಸ್ನಾಯುವಿನ ತನಕ ತಲುಪುವುದೇ ಇಲ್ಲ, ದಾರಿಯಲ್ಲೇ ಮುಗಿಯುತ್ತದೆ. ತಲುಪಿದ ಚೂರಷ್ಟೇ ಕೆಲಸ ಮಾಡುವುದು. ನಾವು ಕೊಡುವ ಡೋಸ್ ಈ ಲೆಕ್ಕದ ಮೇಲೇ ನಿಂತಿದೆ. ಎಂಜೈಮ್ ಇಲ್ಲದವರಿಗೆ ಅದೇ ಡೋಸ್ ಪೂರ್ತಿ ಸ್ನಾಯುವಿಗೆ ಹೋಗುತ್ತದೆ, ಅಲ್ಲಿಂದ ತೊಲಗಿಸುವವರೂ ಯಾರೂ ಇಲ್ಲ. ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ಕೂರುತ್ತದೆ.

ರಿವರ್ಸಲ್ ಕೊಟ್ಟಿದ್ದರೆ? ನಿಯೋಸ್ಟಿಗ್ಮಿನ್ ಇದೇ ಎಂಜೈಮನ್ನೂ ತಡೆಯುತ್ತದೆ. ಅಳಿದುಳಿದ ಚೂರು ಎಂಜೈಮ್ ಇದ್ದರೆ ಅದೂ ಹೋಗುತ್ತಿತ್ತು. ಸ್ಕೋಲಿನ್ ಇಷ್ಟು ಹೊತ್ತು ಕೂತಾಗ ನಿಯೋಸ್ಟಿಗ್ಮಿನ್ ಹೇಗೆ ವರ್ತಿಸುತ್ತದೆ ಅಂತ ಮೊದಲೇ ಹೇಳಲೂ ಆಗುವುದಿಲ್ಲ.

ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಮಿಡಿಯುತ್ತದಾ ನೋಡುವ ಪುಟ್ಟ ಯಂತ್ರ ಇರುತ್ತದೆ, ನರ್ವ್ ಸ್ಟಿಮ್ಯುಲೇಟರ್. ನಮ್ಮಲ್ಲಿ ಅದು ಬೀರುವಿನಲ್ಲಿತ್ತು, ಬ್ಯಾಟರಿ ಸತ್ತಿತ್ತು. ವಾರ್ಡ್ ಬಾಯ್ ಓಡಿ ಹೋಗಿ ಅಂಗಡಿಯಿಂದ ಬ್ಯಾಟರಿ ತಂದಾಗ ಹತ್ತು ಗಂಟೆ ದಾಟಿತ್ತು. ಹಚ್ಚಿ ನೋಡಿದೆವು. ಹೆಬ್ಬೆರಳು ಒಂದು ಸಲವೂ ಮಿಡಿಯಲಿಲ್ಲ. ಆ ಯಂತ್ರ ಮೊದಲಿಂದಲೂ ಮೇಜಿನ ಮೇಲಿದ್ದಿದ್ದರೆ ನಾನು ಗ್ಯಾಸ್ ನಿಲ್ಲಿಸುತ್ತಲೇ ಇರಲಿಲ್ಲ. ಆ ಹನ್ನೆರಡು ನಿಮಿಷವನ್ನು ಆಕೆ ಅನುಭವಿಸಬೇಕಾಗಿರಲಿಲ್ಲ.

ಐಸಿಯುಗೆ ಕರೆದೊಯ್ದು ವೆಂಟಿಲೇಟರ್ ಮೇಲೆ ಇಟ್ಟೆವು. ನಿದ್ದೆಯ ಔಷಧಿ ನಿರಂತರವಾಗಿ ಹೋಗುತ್ತಿತ್ತು. ಈಗ ಇನ್ನೊಂದು ನಿರ್ಧಾರ. ಬೇರೆಯವರ ಪ್ಲಾಸ್ಮಾದಲ್ಲಿ ಈ ಎಂಜೈಮ್ ಇರುತ್ತದೆ, ಪ್ಲಾಸ್ಮಾ ಹಾಕಿದರೆ ಬೇಗ ಏಳಬಹುದು. ಸಹೋದ್ಯೋಗಿಯೊಬ್ಬರು ಅದನ್ನೇ ಹೇಳಿದರು, ಮನೆಯವರ ಗಾಬರಿ ನೋಡಿ ನನಗೂ ಆಸೆಯಾಯಿತು. ಆದರೆ ವೆಂಟಿಲೇಟರ್ ಮೇಲೆ ಆಕೆ ಸುರಕ್ಷಿತವಾಗಿದ್ದರು. ಆಮ್ಲಜನಕ ಸರಿ ಇತ್ತು, ರಕ್ತಸ್ರಾವ ಇರಲಿಲ್ಲ. ಬೇರೆಯವರ ರಕ್ತದಂಶ ಹಾಕಿದರೆ ಅದಕ್ಕೆ ಅದರದೇ ಅಪಾಯಗಳಿವೆ. ನಾಲ್ಕು ಗಂಟೆ ಉಳಿಸಲು ಆ ಅಪಾಯ ಯಾಕೆ? ಕಾಯೋಣ ಅಂದೆ. ಕೋಲಿನ್‌ಎಸ್ಟರೇಸ್ ಪರೀಕ್ಷೆಗೆ ರಕ್ತ ತೆಗೆದು ಕಳಿಸಿದೆ.

ಹೊರಗೆ ಬಂದು ಮನೆಯವರ ಜೊತೆ ಕೂತೆ. ಇದ್ದದ್ದು ಇದ್ದ ಹಾಗೆ ಹೇಳಿದೆ, ನನ್ನ ಅನುಮಾನವನ್ನೂ ಹೇಳಿದೆ. ಆಗ ಆಕೆಯ ಅಜ್ಜಿ, ತಾಯಿಯ ತಾಯಿ, ಮಾತಾಡಿದರು. ಸುಮಾರು ಮೂವತ್ತು ವರ್ಷದ ಹಿಂದೆ ಅವರ ಮಗನಿಗೆ, ಅಂದರೆ ಈ ತಾಯಿಯ ಸೋದರಮಾವನಿಗೆ, ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಬೆಳಿಗ್ಗೆ ಒಳಗೆ ಕರಕೊಂಡು ಹೋದವರು ಸಂಜೆಯಾದರೂ ಎಬ್ಬಿಸಲಿಲ್ಲ. ಕೈಯಲ್ಲಿ ಬ್ಯಾಗ್ ಒತ್ತಿಕೊಂಡೇ ಇದ್ದರಂತೆ. "ಆ ಡಾಕ್ಟರು ಮತ್ತಿನ ಔಷಧಿ ಜಾಸ್ತಿ ಕೊಟ್ಟುಬಿಟ್ಟಿದ್ರು. ನಾವೇನೂ ಜಗಳ ಆಡಲಿಲ್ಲ, ಹುಡುಗ ಉಳಕೊಂಡನಲ್ಲ ಅಂತ ಸುಮ್ನಾದ್ವಿ."

ಅನಸ್ತೇಶಿಯಾದಿಂದ ತೊಂದರೆ ಆಗಿತ್ತಾ ಅಂತ ನಾನು ಬಾಗಿಲಲ್ಲಿ ಕೇಳಿದ್ದೆ. ಇಲ್ಲ ಅಂದಿದ್ದರು. ಅವರ ಮಟ್ಟಿಗೆ ಅದು ಸರಿಯಾದ ಉತ್ತರವೇ. ಆ ಮನೆಯಲ್ಲಿ ಅದು ಮೈಯ ಗುಣದ ಕತೆಯಾಗಿರಲಿಲ್ಲ, ಡಾಕ್ಟರ ತಪ್ಪಿನ ಕತೆಯಾಗಿತ್ತು. ಅಜ್ಜಿ ಹೇಳಿದ "ಜಾಸ್ತಿ" ಒಂದು ಲೆಕ್ಕದಲ್ಲಿ ನಿಜ ಕೂಡ. ಸಿರಿಂಜಿನಲ್ಲಿ ಡೋಸ್ ಸರಿಯಾಗಿಯೇ ಇದ್ದಿರಬೇಕು, ಆ ಹುಡುಗನ ಮೈಗೆ ಅದು ಹಲವು ಪಟ್ಟು ಜಾಸ್ತಿಯಾಗಿತ್ತು.

ರಾತ್ರಿ ಒಂದೂವರೆಗೆ ಹೆಬ್ಬೆರಳು ಮೊದಲ ಸಲ ಮಿಡಿಯಿತು. ಮೂರು ಗಂಟೆಗೆ ತಲೆ ಎತ್ತಿ ಐದು ಸೆಕೆಂಡ್ ಹಿಡಿದರು. ಮೂರೂಮುಕ್ಕಾಲಿಗೆ ಟ್ಯೂಬ್ ತೆಗೆದೆವು. ಸ್ಕೋಲಿನ್ ಕೊಟ್ಟು ಏಳು ಗಂಟೆ. ಆಕೆಯ ಮೊದಲ ಮಾತು: "ನನಗೆ ಕೇಳಿಸ್ತಿತ್ತು."

ಕತೆ ಇಲ್ಲಿಗೆ ಮುಗಿಯಲಿಲ್ಲ. ಮರುದಿನ ಇನ್ನೊಂದು ಅಪಾಯ ಬಂತು, ನಾನು ಊಹಿಸದೇ ಇದ್ದ ಕಡೆಯಿಂದ.

ಬೆಳಿಗ್ಗೆ ಲ್ಯಾಬಿನವರು ಐಸಿಯುಗೆ ಫೋನ್ ಮಾಡಿದರು. ಆ ಲ್ಯಾಬಿನಲ್ಲಿ ಈ ಎಂಜೈಮಿನ ಸಾಮಾನ್ಯ ಮಟ್ಟ 5,000 ಯುನಿಟ್‌ಗಿಂತ ಮೇಲೆ. ಆಕೆಯದು 200 ಕೂಡ ಇರಲಿಲ್ಲ. ಎರಡು ಸಲ ಪರೀಕ್ಷೆ ಮಾಡಿದ್ದರು. "ಪಾಯ್ಸನ್ ಕೇಸಾ?" ಅಂತ ಕೇಳಿದರು. ನಮ್ಮ ಕಡೆ ಈ ಪರೀಕ್ಷೆ ಬರೆಯುವುದೇ ಕೀಟನಾಶಕ ಕುಡಿದವರಿಗೆ. ಆರ್ಗನೋಫಾಸ್ಫರಸ್ ಕೀಟನಾಶಕ ಇದೇ ಎಂಜೈಮನ್ನು ಕಟ್ಟಿಹಾಕುತ್ತದೆ, ರಿಪೋರ್ಟಿನಲ್ಲಿ ಅಂಕಿ ಪಾತಾಳಕ್ಕೆ ಇಳಿಯುತ್ತದೆ. ಫೋನ್ ತೆಗೆದುಕೊಂಡ ಕಿರಿಯ ವೈದ್ಯರಿಗೆ ರಾತ್ರಿಯ ವಿಷಯ ಪೂರ್ತಿ ಗೊತ್ತಿರಲಿಲ್ಲ. ಹೊಸ ಬಾಣಂತಿ, ವೆಂಟಿಲೇಟರ್, ಎಂಜೈಮ್ ಇಲ್ಲ. ಪೊಲೀಸರಿಗೆ ತಿಳಿಸುವ ಕಾಗದ ಬರೆಯಲು ಕೂತರು. ಮಾತು ಅತ್ತೆಯ ಕಿವಿಗೂ ಬಿತ್ತು. ಸೊಸೆ ವಿಷ ಕುಡಿದಿದ್ದಳಾ? ಯಾಕೆ? ಯಾರಾದರೂ ಕೊಟ್ಟರಾ?

ನಾನು ಬರುವಷ್ಟರಲ್ಲಿ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕಿರಿಯ ವೈದ್ಯರನ್ನು ಹಾಸಿಗೆಯ ಹತ್ತಿರ ಕರೆದುಕೊಂಡು ಹೋದೆ. ವಿಷವಾಗಿದ್ದರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗಬೇಕು, ಜೊಲ್ಲು ಸುರಿಯಬೇಕು, ಬೆವರಬೇಕು, ಎದೆಯಲ್ಲಿ ಗೊರಗೊರ ಕೇಳಬೇಕು. ಆಕೆ ಎದ್ದು ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದರು. ಪಾಪೆ ಸರಿ, ಎದೆ ಸ್ವಚ್ಛ. ಸ್ಕೋಲಿನ್ ಕೊಡುವ ಮೊದಲೂ ಹೀಗೇ ಇದ್ದರು. ಅಂಕಿ ಒಂದನ್ನೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಮನುಷ್ಯರನ್ನು ನೋಡಿದರೆ ಬೇರೆ ಬೇರೆ. ಕಾಗದ ಹರಿದೆವು. ಅತ್ತೆಗೆ ಕೂರಿಸಿಕೊಂಡು ಹೇಳಿದೆ. ನಂಬಲು ಅವರಿಗೆ ಸಮಯ ಹಿಡಿಯಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಅಂಕಿ ಅಷ್ಟೇ ಬಂದಾಗ ಅವರ ಮನಸ್ಸು ಹಗುರವಾಯಿತು. ವಿಷದಿಂದ ಇಳಿದಿದ್ದರೆ ಅಷ್ಟರಲ್ಲಿ ಏರಬೇಕಿತ್ತು. ಬಸಿರಿನಲ್ಲಿ ಎಂಜೈಮ್ ಸ್ವಲ್ಪ ಇಳಿಯುವುದುಂಟು, ಅದೂ ಆ ಹೊತ್ತಿಗೆ ಸರಿಹೋಗಬೇಕಿತ್ತು. ಆಕೆಯದು ಹುಟ್ಟಿನಿಂದಲೇ ಇರಲಿಲ್ಲ.

ಇನ್ನು ಜೀನ್ ವಿಷಯ. ಈ ಎಂಜೈಮ್ ತಯಾರಿಸುವ ಜೀನ್ 3ನೇ ಕ್ರೋಮೋಸೋಮಿನಲ್ಲಿದೆ, ಹೆಸರು ಬಿಸಿಎಚ್ಇ. ಅದರಲ್ಲಿ ಹಲವು ಬಗೆಯ ವ್ಯತ್ಯಾಸಗಳಿವೆ. 1957ರಲ್ಲಿ ಟೊರಾಂಟೋದ ವರ್ನರ್ ಕ್ಯಾಲೋ ಡಿಬುಕೇನ್ ಅನ್ನುವ ಔಷಧಿ ಬಳಸಿ ಕೆಲವರ ಎಂಜೈಮ್ ಬೇರೆ ಥರದ್ದು ಅಂತ ಗುರುತಿಸುವ ಪರೀಕ್ಷೆ ಮಾಡಿದರು. ಜೀನಿಗೂ ಔಷಧಿಗೂ ಇರುವ ನಂಟಿನ ಅಧ್ಯಯನ ಶುರುವಾಗಿದ್ದೇ ಇಂಥ ಕೆಲವು ಪ್ರಕರಣಗಳಿಂದ. ಆದರೆ ಕ್ಯಾಲೋ ಪರೀಕ್ಷೆ ನಮ್ಮ ರೋಗಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಅದು ಎಂಜೈಮ್ ಇದ್ದು ಅದರ ಗುಣ ಬೇರೆಯಾಗಿರುವವರಿಗೆ. ಇವರಲ್ಲಿ ಅಳೆಯಲು ಎಂಜೈಮೇ ಇಲ್ಲ. ಇದನ್ನು 'ಸೈಲೆಂಟ್' ಬಗೆ ಅನ್ನುತ್ತಾರೆ.

ಈ ಸೈಲೆಂಟ್ ಬಗೆ ಯುರೋಪಿನವರಲ್ಲಿ ಲಕ್ಷಕ್ಕೆ ಒಬ್ಬರಲ್ಲಿ ಸಿಗುವಂಥದ್ದು. ಕೊಯಮತ್ತೂರಿನಲ್ಲಿ ಆರ್ಯವೈಶ್ಯ ಸಮುದಾಯದ 226 ಜನರನ್ನು ಪರೀಕ್ಷಿಸಿದಾಗ 9 ಮಂದಿಯಲ್ಲಿ ಸಿಕ್ಕಿತು, ಅಂದರೆ ಹೆಚ್ಚು ಕಡಿಮೆ 25ಕ್ಕೆ ಒಬ್ಬರು. ಕಾರಣ ಒಂದೇ ಅಕ್ಷರದ ಬದಲಾವಣೆ. ಎಂಜೈಮಿನ ಸರಪಳಿಯಲ್ಲಿ 307ನೇ ಜಾಗದಲ್ಲಿ ಲ್ಯೂಸಿನ್ ಅನ್ನುವ ಅಮೈನೋ ಆಮ್ಲ ಇರಬೇಕಾದಲ್ಲಿ ಪ್ರೋಲಿನ್ ಅನ್ನುವ ಇನ್ನೊಂದು ಕೂತಿದೆ. ನಮ್ಮ ತಾಯಿಯ ರಕ್ತವನ್ನು ಬೆಂಗಳೂರಿಗೆ ಕಳಿಸಿದ್ದೆವು. ಐದು ವಾರಕ್ಕೆ ಉತ್ತರ ಬಂತು: ಅದೇ ಬದಲಾವಣೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಜೀನಿನ ಎರಡೂ ಪ್ರತಿಗಳಲ್ಲಿ.

ಒಂದೇ ಸಮುದಾಯದಲ್ಲಿ ಇಷ್ಟು ಯಾಕೆ? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಜೊತೆಗಾರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಜೀನ್ ಹೋಲಿಸಿ ಬರೆದರು. ಎಷ್ಟೋ ಸಮುದಾಯಗಳು ಕೆಲವೇ ಪೂರ್ವಿಕರಿಂದ ಬೆಳೆದು, ಎಷ್ಟೋ ತಲೆಮಾರು ಒಳಗೊಳಗೇ ಮದುವೆಯಾಗುತ್ತಾ ಬಂದಿವೆ. ಆ ಪೂರ್ವಿಕರಲ್ಲಿ ಒಬ್ಬರಿಗೆ ಒಂದು ಅಪರೂಪದ ಬದಲಾವಣೆ ಇದ್ದರೂ ಸಾಕು, ಅದು ಇಂದು ಸಾವಿರಾರು ಮನೆಗಳಲ್ಲಿ ಇರುತ್ತದೆ. ಅವರು ಉದಾಹರಣೆಯಾಗಿ ತೆಗೆದುಕೊಂಡದ್ದು ಇದೇ ಸಮುದಾಯವನ್ನು. ಆದರೆ ಇದು ಇವರೊಬ್ಬರ ವಿಷಯ ಅಂತ ಯಾರೂ ತಿಳಿಯಬಾರದು. ಅವರ ಲೆಕ್ಕದಲ್ಲಿ 81 ಗುಂಪುಗಳಲ್ಲಿ ಹೀಗೆ ಕೆಲವೇ ಪೂರ್ವಿಕರಿಂದ ಬೆಳೆದುಬಂದ ಇಕ್ಕಟ್ಟು, ಇದಕ್ಕೆ ಹೆಸರಾದ ಫಿನ್‌ಲೆಂಡಿನವರಿಗಿಂತಲೂ ಜಾಸ್ತಿ ಇತ್ತು. ನಿಮ್ಮದು, ನನ್ನದು ಅದರಲ್ಲಿ ಇರಬಹುದು. ಒಂದೊಂದು ಗುಂಪಿನಲ್ಲಿ ಒಂದೊಂದು ಬದಲಾವಣೆ.

"ನಮ್ಮಲ್ಲಿ ಗೋತ್ರ ನೋಡಿಯೇ ಮದುವೆ ಮಾಡೋದು" ಅಂತ ಆಕೆಯ ತಂದೆ ಹೇಳಿದರು. ಗೋತ್ರ ಬರುವುದು ಅಪ್ಪನ ಕಡೆಯ ಸಾಲಿನಿಂದ ಮಾತ್ರ. ಈ ಜೀನ್ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುತ್ತದೆ. ಬೇರೆ ಬೇರೆ ಗೋತ್ರದ ಇಬ್ಬರಲ್ಲೂ ಒಂದೊಂದು ಪ್ರತಿ ಇರಬಹುದು. ಇವರ ಮನೆಯಲ್ಲಿ ಹಾಗೇ ಆಗಿತ್ತು. ಅಪ್ಪನ ಎಂಜೈಮ್ ಅರ್ಧದಷ್ಟು, ಅಮ್ಮನದೂ ಅರ್ಧದಷ್ಟು. ಅಂಥ ದಂಪತಿಗೆ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಮ್ಮನದು ಸರಿಯಾಗಿತ್ತು. ತಂಗಿಯದು ಅಕ್ಕನಂತೆಯೇ ಇಲ್ಲವೇ ಇಲ್ಲ ಅನ್ನುವಷ್ಟು. ಗಂಡನದೂ ಅರ್ಧ, ಹಾಗಾಗಿ ಮಗುವಿಗೆ ಅಮ್ಮನಂತೆ ಆಗಿರುವ ಸಾಧ್ಯತೆ ಎರಡರಲ್ಲಿ ಒಂದು. ಹಸುಗೂಸುಗಳಲ್ಲಿ ಈ ಎಂಜೈಮ್ ಸಹಜವಾಗಿಯೇ ಕಡಿಮೆ, ಈಗ ನೋಡಿ ಪ್ರಯೋಜನವಿಲ್ಲ. ಸ್ವಲ್ಪ ದೊಡ್ಡವನಾಗಲಿ ಅಂದೆ.

22 ವರ್ಷದ ತಂಗಿ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ: "ಇದು ಕಾಯಿಲೆನಾ? ಮದುವೆಗೆ ತೊಂದರೆ ಆಗುತ್ತಾ?"

ಈ ಪ್ರಶ್ನೆಗೆ ಉತ್ತರ ಕೊಡಲು ಆ ರಾತ್ರಿಗಿಂತ ಹೆಚ್ಚು ಎಚ್ಚರ ಬೇಕಾಯಿತು ನನಗೆ. ಕಾಯಿಲೆ ಅಲ್ಲವಮ್ಮ ಅಂದೆ. ಈ ಎಂಜೈಮ್ ಇಲ್ಲದವರು ನೂರು ವರ್ಷ ಆರೋಗ್ಯವಾಗಿ ಬದುಕಬಹುದು, ಒಂದು ದಿನವೂ ಗೊತ್ತಾಗುವುದಿಲ್ಲ. ಮಕ್ಕಳಾಗಲು ತೊಂದರೆಯಿಲ್ಲ. ಬೇಡವಾದದ್ದು ಬೆರಳೆಣಿಕೆಯ ಔಷಧಿಗಳು. ಸ್ಕೋಲಿನ್ ಬೇಡ. ಅದೇ ಥರದ ಮಿವಾಕ್ಯೂರಿಯಂ ಬೇಡ. ಕ್ಲೋರೋಪ್ರೊಕೇನ್ ಅನ್ನುವ ಮರಗಟ್ಟಿಸುವ ಔಷಧಿಯನ್ನೂ ಇದೇ ಎಂಜೈಮ್ ಒಡೆಯುವುದು, ಅದರಲ್ಲೂ ಎಚ್ಚರ. ಮಾನಸಿಕ ಕಾಯಿಲೆಗೆ ಕೊಡುವ ಕರೆಂಟ್ ಚಿಕಿತ್ಸೆಗೂ ಸ್ಕೋಲಿನ್ ಬಳಸುತ್ತಾರೆ, ಅಲ್ಲೂ ಹೇಳಬೇಕು. ಕೀಟನಾಶಕ ಸಿಂಪಡಿಸುವ ಕಡೆ ಓಡಾಡದಿರುವುದು ಒಳ್ಳೆಯದು, ಯಾಕೆಂದರೆ ಈ ಎಂಜೈಮ್ ರಕ್ತದಲ್ಲಿ ಒಂದಿಷ್ಟು ವಿಷವನ್ನು ತಾನೇ ಹಿಡಿದುಕೊಳ್ಳುತ್ತದೆ. ಇವರಿಗೆ ಆ ಕಾವಲು ಇಲ್ಲ.

ಎರಡು ಕಾರ್ಡ್ ಮಾಡಿಕೊಟ್ಟೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. "ನನಗೆ ಸ್ಕೋಲಿನ್ ಕೊಡಬಾರದು. ನನ್ನ ಕೋಲಿನ್‌ಎಸ್ಟರೇಸ್ ಹುಟ್ಟಿನಿಂದಲೇ ಇಲ್ಲ, ಅದು ವಿಷದಿಂದ ಅಲ್ಲ." ಎರಡನೇ ವಾಕ್ಯ ಸೇರಿಸಿದ್ದು ಆ ಬೆಳಗಿನ ನೆನಪಿನಿಂದ. ಅಕ್ಕನ 'ತಾಯಿ ಕಾರ್ಡ್' ಅನ್ನುವ ಬಸಿರಿನ ದಾಖಲೆಯ ಮೇಲೂ ಕೆಂಪು ಶಾಯಿಯಲ್ಲಿ ಅದನ್ನೇ ಬರೆದೆ.

ನಮ್ಮಲ್ಲಿ ಪ್ರಶ್ನೆಯನ್ನು ಬದಲಿಸಿದೆವು. ಈಗ ಬಾಗಿಲಲ್ಲಿ ಹೀಗೆ ಕೇಳುತ್ತೇವೆ: "ನಿಮ್ಮ ಕಡೆ ಯಾರಾದರೂ ಆಪರೇಷನ್ ಆದ ಮೇಲೆ ತುಂಬಾ ಹೊತ್ತು ಏಳದೇ ಇದ್ರಾ? ಮತ್ತಿನ ಔಷಧಿ ಜಾಸ್ತಿ ಆಯ್ತು ಅಂತ ಯಾರಾದರೂ ಹೇಳಿದ್ರಾ?" ಸಾಧ್ಯವಾದರೆ ಜೊತೆಗೆ ಬಂದ ಅಜ್ಜಿಯನ್ನೇ ಕೇಳುತ್ತೇವೆ. ಸಮುದಾಯದ ಬಗ್ಗೆ ಕೇಳಬೇಕಾ ಅನ್ನುವುದು ನಮ್ಮೊಳಗೆ ದೊಡ್ಡ ಚರ್ಚೆಯಾಯಿತು. ಆಸ್ಪತ್ರೆಯಲ್ಲಿ ಜಾತಿ ಕೇಳುವುದು ನನಗೆ ಕಸಿವಿಸಿ. ಕೇಳಿಸಿಕೊಂಡವರಿಗೂ ನೋವಾಗಬಹುದು. ಆದರೂ ದಕ್ಷಿಣದ ಎಷ್ಟೋ ಊರುಗಳ ಅನಸ್ತೇಶಿಯಾ ವೈದ್ಯರು ಇದೊಂದನ್ನು ಕೇಳುತ್ತಾರೆ. ನಾನೂ ಈಗ ಕೇಳುತ್ತೇನೆ. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲು ಹೇಳಿ, ಆಮೇಲೆ ಕೇಳುತ್ತೇನೆ. ಹೌದು ಅಂದರೆ ಸ್ಕೋಲಿನ್ ಬದಲು, ಇಳಿಯಲು ಈ ಎಂಜೈಮ್ ಬೇಕಿಲ್ಲದ ರೊಕ್ಯುರೋನಿಯಂ. ಇಲ್ಲ ಅಂದರೂ ನರ್ವ್ ಸ್ಟಿಮ್ಯುಲೇಟರ್ ಮೇಜಿನ ಮೇಲಿರುತ್ತದೆ. ಹೆಬ್ಬೆರಳು ಮಿಡಿಯುವ ತನಕ ಗ್ಯಾಸ್ ನಿಲ್ಲಿಸುವುದಿಲ್ಲ.

ಆ ತಾಯಿಗೆ ಕೆಲವು ತಿಂಗಳು ರಾತ್ರಿ ಬೆಚ್ಚಿ ಏಳುವುದು ಇತ್ತು. ಮಲಗಿದಾಗ ಕೈಯಾಡದಂತೆ ಅನ್ನಿಸುತ್ತಿತ್ತಂತೆ. ನಾನು ಎರಡು ಸಲ ಮನೆಗೆ ಹೋಗಿ ಆ ಹನ್ನೆರಡು ನಿಮಿಷದಲ್ಲಿ ಏನೇನಾಯಿತು ಅಂತ ನಿಮಿಷ ನಿಮಿಷವಾಗಿ ಹೇಳಿದೆ, ಕ್ಷಮೆ ಕೇಳಿದೆ. ಆಪ್ತಸಲಹೆಗಾರರ ಹತ್ತಿರವೂ ಕಳಿಸಿದೆ. ಈಗ ಪರವಾಗಿಲ್ಲ ಅನ್ನುತ್ತಾರೆ.

ಒಂದು ವರ್ಷದ ಮೇಲೆ ತಂಗಿಗೆ ಬೇರೆ ಊರಿನಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಅಲ್ಲಿನ ವೈದ್ಯರು ಕಾರ್ಡ್ ನೋಡಿ ನನಗೆ ಫೋನ್ ಮಾಡಿದರು. ರೊಕ್ಯುರೋನಿಯಂ ಕೊಟ್ಟು, ಕೊನೆಯಲ್ಲಿ ಅದನ್ನು ಇಳಿಸುವ ಸುಗಮಡೆಕ್ಸ್ ಕೊಟ್ಟರು. ಮುಗಿದ ಕೆಲವೇ ನಿಮಿಷಕ್ಕೆ ಎದ್ದಳಂತೆ.

ಸೋದರಮಾವನೂ ಪರೀಕ್ಷೆ ಮಾಡಿಸಿಕೊಂಡರು. ನಾವು ಅಂದುಕೊಂಡಂತೆಯೇ ಇತ್ತು. ಅವರಿಗೆ ಇಬ್ಬರು ಮಕ್ಕಳು. ಮಗಳು ವಿದೇಶದಲ್ಲಿದ್ದಾಳೆ, ಅಲ್ಲೇ ಪರೀಕ್ಷೆ ಮಾಡಿಸಿ ಫಲಿತಾಂಶ ಕಳಿಸಿದಳು. ಅವಳದು ಅರ್ಧ. ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಮದುವೆ ಮುಗಿಯುವ ತನಕ ಬೇಡ ಅಂತ ಮನೆಯವರು ಹೇಳಿದ್ದಾರೆ. ಅವನ ಪರೀಕ್ಷೆ ಇನ್ನೂ ಆಗಿಲ್ಲ.